ನಲವತ್ತೆರಡನೆಯ ಕುಲನಾಮ

ಹೇಜಲ್ ಲೋಬೊ ಕಳಿಸಿದ ಒಂದು ತಪ್ಪು ಇಮೇಲ್‌ನಿಂದ ಇದೆಲ್ಲ ಶುರುವಾಯಿತು. ಕೊನೆಗೆ ಎಲ್ಲ ಸರಿಹೋಗುತ್ತದೆ ಎಂದು ಕಾದು ಕೂರುವವರಿಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು: ಸರಿಹೋಗುವುದಿಲ್ಲ.

ದೋಹಾದ ಕರಾವಳಿ ಕ್ರೈಸ್ತರ ಸ್ನೇಹಕೂಟಕ್ಕೆ ಆ ವರ್ಷ ಇಪ್ಪತ್ತೈದು ತುಂಬುತ್ತಿತ್ತು. ಸ್ಮರಣ ಸಂಚಿಕೆಯ ಸಂಪಾದಕರು ಅವಳ ಡ್ಯಾಡಿ ರೊನಾಲ್ಡ್. ಸಂಪಾದಕರ ಮಗಳಾದ ತಪ್ಪಿಗೆ ‘ನಮ್ಮ ಕುಲನಾಮಗಳು’ ಎಂಬ ಅಂಕಣ ಅವಳ ಕೊರಳಿಗೆ ಬಿದ್ದಿತ್ತು. ಪಿಂಟೊ ಎಂದರೆ ಕೋಳಿಮರಿ, ಕರ್ವಾಲ್ಹೊ ಎಂದರೆ ಓಕ್ ಮರ, ಲೋಬೊ ಎಂದರೆ ತೋಳ. ಶತಮಾನಗಳ ಹಿಂದೆ ಪೋರ್ಚುಗೀಸರು ಕೊಟ್ಟುಹೋದ ಹೆಸರುಗಳು. ಅರ್ಥ ಯಾರಿಗೂ ಗೊತ್ತಿರಲಿಲ್ಲ, ಹೆಮ್ಮೆ ಮಾತ್ರ ಎಲ್ಲರಿಗೂ ಇತ್ತು. ಹೀಗೆ ನಲವತ್ತೊಂದು ಹೆಸರು ಒಟ್ಟಾಗಿದ್ದವು.

ಅಷ್ಟರಲ್ಲಿ ಆನ್‌ಲೈನ್ ಫಾರ್ಮ್‌ನಲ್ಲಿ ಇನ್ನೊಂದು ಬಂತು. ಎನ್. ಎಸ್ಪೊಸಿತೊ.

ಯಾರೋ ಇಟಲಿಯವನು ಕೈತಪ್ಪಿ ಲಿಂಕ್ ಒತ್ತಿದ್ದಾನೆ ಎಂದುಕೊಂಡಳು ಹೇಜಲ್. ಬಹಳ ಮರ್ಯಾದೆಯ ಇಂಗ್ಲಿಷ್‌ನಲ್ಲಿ ಉತ್ತರ ಬರೆದಳು. ಕ್ಷಮಿಸಿ, ಈ ಸಂಚಿಕೆ ಮಂಗಳೂರು, ಉಡುಪಿ ಕಡೆಯ ಕುಟುಂಬಗಳಿಗೆ ಮಾತ್ರ. ನಿಮ್ಮ ದೇಶದವರ ಸಂಘ ದೋಹಾದಲ್ಲಿ ಎಲ್ಲಾದರೂ ಇದ್ದೀತು, ವಿಚಾರಿಸಿ.

ಕತಾರಿನಲ್ಲಿ ಭಾನುವಾರ ಆಫೀಸು. ಹಾಗಾಗಿ ಚರ್ಚಿನಲ್ಲಿ ಭಾನುವಾರದ ಪೂಜೆ ಶುಕ್ರವಾರವೇ ಮುಗಿಯುತ್ತದೆ. ಆ ಶುಕ್ರವಾರ ಪೂಜೆ ಬಿಟ್ಟ ಮೇಲೆ ಇಗರ್ಜಿಯ ಅಂಗಳದ ನೆರಳಿನಲ್ಲಿ ಸಂಚಿಕೆಯ ಮೇಜು ಹಾಕಿಕೊಂಡು ಅವಳು ಕೂತಿದ್ದಳು.

“ಇಲ್ಲಿ ಇಟಲಿಯವರನ್ನು ಸೇರಿಸೋದಿಲ್ಲವಂತೆ, ಹೌದಾ?”

ಅಚ್ಚ ಉಡುಪಿ ಕಡೆಯ ಕನ್ನಡ. ತಲೆ ಎತ್ತಿದರೆ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಒಬ್ಬ ನಿಂತಿದ್ದ. ಅಂಗಿಯ ತೋಳು ಮೊಣಕೈವರೆಗೆ ಮಡಚಿತ್ತು. ತುಟಿಯ ಒಂದು ತುದಿ ಮಾತ್ರ ನಗುತ್ತಿತ್ತು, ಇನ್ನೊಂದು ಅವಳ ಉತ್ತರಕ್ಕೆ ಕಾಯುತ್ತಿತ್ತು.

“ನೀವು... ಎಸ್ಪೊಸಿತೊ?”

“ನೈಜೆಲ್. ನೀವು ಹೇಳಿದಿರಿ ಅಂತ ನಮ್ಮ ದೇಶದವರ ಸಂಘಕ್ಕೂ ಹೋಗಿ ಬಂದೆ ಮಾರಾಯ್ರೆ. ಅವರು ನನ್ನ ಮುಖ ನೋಡಿ, ಮಂಗಳೂರಿನವರದ್ದು ಆ ಕಡೆ ಅಂತ ಕೈ ತೋರಿಸಿದರು.”

ಹೇಜಲ್‌ಳ ಕಿವಿಯ ತುದಿಯವರೆಗೂ ಬಿಸಿಯೇರಿತು. “ಸಾರಿ. ನಾನು ನಿಜಕ್ಕೂ...”

“ಸಾರಿ ಎಲ್ಲ ಬೇಡ. ನಲವತ್ತೆರಡನೇ ಹೆಸರು ಅಂತ ಸೇರಿಸಿ, ಸಾಕು.”

“ಅರ್ಥ ಬರೆಯದೆ ಸೇರಿಸೋ ಹಾಗಿಲ್ಲ. ಅರ್ಥ ಎಂತ?”

ನಗುತ್ತಿದ್ದ ತುಟಿಯ ತುದಿ ಒಂದು ಗಳಿಗೆ ನಿಂತಿತು. ಮರುಗಳಿಗೆ ಮತ್ತೆ ನಕ್ಕಿತು.

“ಎಲ್ಲ ಒಂದೇ ಶುಕ್ರವಾರ ಹೇಳಿಬಿಟ್ಟರೆ ಮುಂದಿನ ಶುಕ್ರವಾರ ಬರ್ಲಿಕ್ಕೆ ನೆಪ ಬೇಡ್ವಾ?”

ಅವನು ಹೋದ ಮೇಲೆ ಹೇಜಲ್ ಫಾರ್ಮ್‌ಗಳನ್ನು ಜೋಡಿಸಿದಳು. ಜೋಡಿಸಿದ್ದನ್ನು ಕೆದರಿ ಮತ್ತೊಮ್ಮೆ ಜೋಡಿಸಿದಳು. ಇಪ್ಪತ್ತೊಂಬತ್ತು ವರ್ಷದ ಹುಡುಗಿ, ಮೂರು ಸಂಬಂಧ ನೋಡಿ ಬೇಡವೆಂದವಳು, ಒಬ್ಬ ಕಣ್ಣು ಕಿರಿದು ಮಾಡಿದ್ದಕ್ಕೆ ಹೀಗಾಗುವುದೇ ಎಂದು ತನ್ನ ಮೇಲೆ ತನಗೇ ಸಿಟ್ಟು ಬಂತು.

ನೆಪಗಳಿಗೆ ಆಮೇಲೆ ಬರ ಇರಲಿಲ್ಲ.

ನೈಜೆಲ್ ಲಿಫ್ಟ್‌ಗಳ ಸೂಪರ್‌ವೈಸರ್. ಮುಶೈರಿಬ್‌ನಲ್ಲಿ ಹೇಜಲ್ ಕೆಲಸ ಮಾಡುವ ಕಟ್ಟಡದ ಲಿಫ್ಟ್‌ಗಳು ಅವನ ಕಂಪನಿಯ ಪಾಲಿಗೆ ಬಂದಿದ್ದವು. ಆ ತಿಂಗಳು ಅವು ಹಿಂದೆಂದೂ ಕಾಣದಷ್ಟು ತಪಾಸಣೆ ಕಂಡವು. ಒಂಬತ್ತನೇ ಮಹಡಿಗೆ ಹೋಗುವ ಲಿಫ್ಟ್‌ನಲ್ಲಿ ಹತ್ತು ಜನರ ನಡುವೆ ನಿಂತು, ಹಿಂದಿನ ಕನ್ನಡಿಯಲ್ಲಿ ಅವನು ಅವಳನ್ನು ನೋಡುತ್ತಿದ್ದ. ಅವಳು ಮಹಡಿಯ ನಂಬರು ನೋಡುತ್ತಿದ್ದಳು. ಐದನೇ ನಂಬರು ಬರುವಾಗ ಸೋತು ಅವಳೂ ಕನ್ನಡಿ ನೋಡುತ್ತಿದ್ದಳು.

“ನಿನ್ನ ಲಿಫ್ಟ್‌ಗೆ ಎಂತದ್ದೂ ಆಗಲಿಲ್ಲ,” ಎಂದಳು ಒಂದು ದಿನ, ಕೆಳಗೆ ಕರಕ್ ಚಹಾ ಕುಡಿಯುತ್ತ. ‘ನೀವು’ ಯಾವಾಗ ಬಿದ್ದುಹೋಯಿತೋ ಇಬ್ಬರಿಗೂ ನೆನಪಿಲ್ಲ.

“ಲಿಫ್ಟ್‌ಗೆ ಅಂತ ಯಾರು ಹೇಳಿದ್ದು? ನನಗೆ ಆಗಿದೆ.”

“ಡಾಕ್ಟರ್‌ಗೆ ತೋರಿಸು.”

“ತೋರಿಸಿದೆ. ತೋಳ ಕಚ್ಚಿದ್ದಂತೆ, ಮದ್ದಿಲ್ಲ ಅಂದರು.”

ಅವಳು ಪೇಪರ್ ಕಪ್ಪಿನ ಹಿಂದೆ ಮುಖ ಅಡಗಿಸಿ ನಕ್ಕಳು. ಚಹಾ ಮೂಗಿಗೆ ಹತ್ತಿ ಕೆಮ್ಮಿದಳು. ಅವನು ತನ್ನ ಕರವಸ್ತ್ರ ಚಾಚಿ, ಅವಳ ಕೈಗೆ ಕೊಡುವ ಬದಲು ತಾನೇ ಗಲ್ಲ ಒರೆಸಲು ಹೋಗಿ, ಸುತ್ತಲಿನ ಜನ ನೆನಪಾಗಿ ಕೈ ಹಿಂದೆಳೆದುಕೊಂಡ. ಒರೆಸಿದ್ದರೆ ಅವಳು ಆ ಹೊತ್ತಿಗೇ ಮರೆಯುತ್ತಿದ್ದಳೋ ಏನೋ. ಒರೆಸದೆ ಹೋದ ಆ ಕೈಯನ್ನು ಮಾತ್ರ ಅವಳು ವಾರಗಟ್ಟಲೆ ನೆನೆದಳು.

ಅವನ ಜೊತೆ ಮಾತು ಕೊಂಕಣಿಯಲ್ಲಿ ಶುರುವಾಗಿ ಕನ್ನಡಕ್ಕೆ ತಿರುಗುತ್ತಿತ್ತು. ಅವನ ಮನೆಯಲ್ಲಿ ಮೊದಲಿನಿಂದಲೂ ಕನ್ನಡವಂತೆ. ಕ್ರೈಸ್ತರ ಮನೆಯಲ್ಲಿ ಕೊಂಕಣಿ ಯಾಕಿಲ್ಲ ಎಂದು ಅವಳು ಕೇಳಬಹುದಿತ್ತು. ಪ್ರೀತಿಯಲ್ಲಿ ಬಿದ್ದವರು ಬೇಕಾದ ಪ್ರಶ್ನೆ ಬಿಟ್ಟು ಉಳಿದದ್ದೆಲ್ಲ ಕೇಳುತ್ತಾರೆ.

ಅಲ್ ಸದ್ದ್‌ನ ಹೇಜಲ್ ಮನೆಯವರ ಫ್ಲ್ಯಾಟ್‌ನಲ್ಲಿ ಸೋಫಾದ ಮೇಲಿನ ಗೋಡೆಗೆ ಒಂದು ಚಾರ್ಟ್ ತೂಗುತ್ತಿತ್ತು. ಲೋಬೊ ಮನೆತನದ ಒಂಬತ್ತು ತಲೆಮಾರು, ನೂರಾರು ಚೌಕಗಳು. ರೊನಾಲ್ಡ್ ಹದಿನೇಳು ವರ್ಷ ರಜೆಯಲ್ಲೆಲ್ಲ ಊರ ಇಗರ್ಜಿಗಳ ಹಳೆಯ ದಾಖಲೆ ಪುಸ್ತಕಗಳ ಧೂಳು ಕುಡಿದು ಮಾಡಿದ್ದು. ಮನೆಗೆ ಬಂದವರು ನೀರು ಕುಡಿಯುವ ಮೊದಲು ಚಾರ್ಟ್ ನೋಡಬೇಕು, ಅದು ಆ ಮನೆಯ ಕ್ರಮ. ಹೇಜಲ್‌ಳ ಚೌಕದ ಪಕ್ಕದ ಚೌಕವೊಂದೇ ಖಾಲಿ ಇತ್ತು.

ನೈಜೆಲ್ ಊಟಕ್ಕೆ ಬಂದ ದಿನ ಮಮ್ಮಿ ಎಡ್ನಾ ನೀರುದೋಸೆ, ಕೋಳಿ ಸುಕ್ಕ ಮಾಡಿದ್ದರು. ರೊನಾಲ್ಡ್ ಮೊದಲ ದೋಸೆಗೇ ವಿಷಯಕ್ಕೆ ಬಂದರು.

“ನಮ್ಮ ಕಡೆ ಈ ಹೆಸರು ನಾನು ಕೇಳಿದ್ದೇ ಇಲ್ಲ. ಇಟಲಿಯ ರಕ್ತ ಇರಬೇಕು ನಿಮ್ಮದು?”

“ಆಬ್‌ನಿಂದ ಬಂದ ಹೆಸರು ಅಂಕಲ್. ನನ್ನ ಅಜ್ಜ, ಆಂಟನಿ.”

“ಅವರ ತಂದೆ?”

ನೈಜೆಲ್‌ನ ಕೈ ದೋಸೆಯ ಮೇಲೆ ತಡೆಯಿತು. “ಅದು ಅಂಕಲ್, ಆಬ್ ಹೇಳ್ತಿದ್ದರು...”

“ಹಡಗು!” ರೊನಾಲ್ಡ್ ಮೇಜು ತಟ್ಟಿದರು. “ಮಲ್ಪೆಗೆ ಆಗ ಹಡಗು ಬರ್ತಿತ್ತಲ್ವಾ? ಯಾರೋ ಒಬ್ಬ ಕ್ಯಾಪ್ಟನ್ ಅಲ್ಲೇ ಉಳಿದಿರ್ತಾನೆ. ನೋಡು ಎಡ್ನಾ, ಮೂಗು ನೋಡಿದರೆ ಗೊತ್ತಾಗೋದಿಲ್ವಾ?”

ಎಡ್ನಾ ಮೂಗು ನೋಡಿ ಹೌದೆಂದರು. ಹೇಜಲ್ ನಗು ತಡೆಯಲಾರದೆ ಸುಕ್ಕದ ಪಾತ್ರೆಯೊಳಗೆ ಸೌಟು ತಿರುಗಿಸಿದಳು. ನೈಜೆಲ್ ಅವಳ ನಗು ನೋಡಿದ, ಡ್ಯಾಡಿಯ ಅರಳಿದ ಮುಖ ನೋಡಿದ, ಮುರಿದ ದೋಸೆ ಬಾಯಿಗಿಟ್ಟ.

ಎರಡು ವಾರದಲ್ಲಿ ಎಲ್ಲ ನಿಶ್ಚಯವಾಯಿತು. ಕ್ರಿಸ್ಮಸ್ ಕಳೆದು ಊರಲ್ಲಿ ಮದುವೆ, ಹಿಂದಿನ ದಿನ ತೆಂಗಿನಹಾಲು ಹಚ್ಚುವ ರೋಸ್. ಮದುವೆಗೆ ಮೊದಲು ಮೂರು ವಾರ ಇಗರ್ಜಿಯಲ್ಲಿ ಇಬ್ಬರ ಹೆಸರು, ತಂದೆತಾಯಿಯ ಹೆಸರು ಓದಿ, ಅಡ್ಡಿಯಿದ್ದವರು ತಿಳಿಸಿ ಎನ್ನುತ್ತಾರಲ್ಲ, ಆ ಚೀಟಿಯೂ ತಯಾರಾಗುತ್ತಿತ್ತು. ರೊನಾಲ್ಡ್ ಸ್ನೇಹಕೂಟದಲ್ಲಿ ಕಂಡಕಂಡವರಿಗೆಲ್ಲ ಕ್ಯಾಪ್ಟನ್ನನ ಕಥೆ ಹೇಳಿದರು. ಹೇಳಿದ ಹಾಗೆಲ್ಲ ಕ್ಯಾಪ್ಟನ್ ದೊಡ್ಡವನಾಗುತ್ತ ಹೋದ, ಕೊನೆಗೆ ಅವನಿಗೊಂದು ಅರಮನೆಯೂ ಸಿಕ್ಕಿತು.

“ಹೆಸರಿನ ಮೂಲ, ಅರ್ಥ, ಈಗ ಇಟಲಿಯಲ್ಲಿ ಎಷ್ಟು ಮನೆಗಳಲ್ಲಿ ಉಂಟು, ಎಲ್ಲ ಹುಡುಕು ಬಾಯೆ,” ಎಂದರು ಮಗಳಿಗೆ. “ಸಂಚಿಕೆಯಲ್ಲಿ ಪೂರಾ ಒಂದು ಪುಟ ಇಟ್ಟಿದ್ದೇನೆ.”

ಫೋನ್‌ನಲ್ಲಿ ನೋಡಿದರೆ ಒಂದು ನಿಮಿಷದ ಕೆಲಸ. ಆದರೆ ಹೇಜಲ್‌ಗೆ ಅದು ಬೇಡವಾಯಿತು. ತನ್ನದಾಗಲಿರುವ ಹೆಸರು, ಯಾರದಾದರೂ ಬಾಯಿಂದ ಕೇಳಬೇಕು ಅನ್ನಿಸಿತು. ಆಫೀಸಿನ ಹಿಂದಿನ ಬೀದಿಯ ಪುಟ್ಟ ಬೇಕರಿಯಲ್ಲಿ ಕಾರ್ಮೆಲಾ ಎಂಬ ಇಟಲಿಯ ಹೆಂಗಸು ರೊಟ್ಟಿ ಸುಡುತ್ತಿದ್ದಳು. ನೇಪಲ್ಸ್ ಊರಿನವಳು. ಒಂದು ಮಧ್ಯಾಹ್ನ ಹೇಜಲ್ ಅಲ್ಲಿಗೆ ಹೋಗಿ, ಮದುವೆಯಾದ ಮೇಲೆ ತನಗೆ ಬರುವ ಹೆಸರು ಇದು ಎಂದು ನಾಚುತ್ತ ಹೆಸರು ಬರೆದ ಕಾಗದ ಚಾಚಿದಳು.

ಕಾರ್ಮೆಲಾ ಓದಿ ಗಹಗಹಿಸಿ ನಕ್ಕಳು.

“ಇದಾ? ನನ್ನ ತಾಯಿ ಎಸ್ಪೊಸಿತೊ. ನನ್ನ ಟೀಚರ್ ಎಸ್ಪೊಸಿತೊ. ನಮ್ಮೂರಲ್ಲಿ ಬಸ್ಸಿನೊಳಗೆ ನಿಂತು ಈ ಹೆಸರು ಕೂಗಿದರೆ ಅರ್ಧ ಬಸ್ಸು ತಿರುಗಿ ನೋಡ್ತದೆ. ಇಡೀ ಇಟಲಿಯಲ್ಲೇ ಅತಿ ಹೆಚ್ಚು ಜನರಿಗಿರುವ ನಾಲ್ಕೈದು ಹೆಸರುಗಳಲ್ಲಿ ಇದೂ ಒಂದು.”

“ಅರ್ಥ?”

ಹಿಟ್ಟಿನ ಕೈ ಏಪ್ರನ್‌ಗೆ ಒರೆಸಿಕೊಂಡು ಕಾರ್ಮೆಲಾ ಹೇಳಿದಳು. ಹಿಂದಿನ ಕಾಲದಲ್ಲಿ ನೇಪಲ್ಸ್‌ನ ಅನಾಥಾಲಯದ ಗೋಡೆಯಲ್ಲಿ ತಿರುಗುವ ಮರದ ತೊಟ್ಟಿಲೊಂದಿತ್ತು. ಸಾಕಲಾಗದ ತಾಯಂದಿರು, ಹೆಸರು ಹೇಳಲಾಗದ ತಾಯಂದಿರು, ಹೊರಗಿನಿಂದ ಕೂಸನ್ನು ಅದರಲ್ಲಿಟ್ಟು ತಿರುಗಿಸುತ್ತಿದ್ದರು. ಕೂಸು ಒಳಗೆ ಹೋಗುತ್ತಿತ್ತು, ತಾಯಿ ಹೊರಗೇ ಉಳಿಯುತ್ತಿದ್ದಳು. ಅಂಥ ಮಕ್ಕಳಿಗೆಲ್ಲ ಒಂದೇ ಹೆಸರು ಬರೆಯುತ್ತಿದ್ದರು, ಎಸ್ಪೊಸಿತೊ. ಹೊರಗೆ ಇಟ್ಟದ್ದು ಎಂದು ಅರ್ಥ.

“ಇನ್ನೂರು ವರ್ಷದ ಹಿಂದೆ ಒಬ್ಬ ರಾಜ, ಇನ್ನು ಮಕ್ಕಳಿಗೆ ಈ ಹೆಸರು ಇಡಬಾರದು ಅಂತ ಕಾನೂನೇ ಮಾಡಿದ. ಎಂತ ಪ್ರಯೋಜನ? ಅಷ್ಟರಲ್ಲಿ ನಾವು ಊರು ತುಂಬ ಆಗಿದ್ದೆವು.” ಕಾರ್ಮೆಲಾ ಒಂದು ರೊಟ್ಟಿ ಸುತ್ತಿ ಅವಳ ಕೈಗಿಟ್ಟಳು. “ಒಳ್ಳೇ ಹೆಸರು ಮಗಳೇ. ಬದುಕಿ ಉಳಿದವರ ಹೆಸರು.”

ರೊಟ್ಟಿ ಬಿಸಿಯಿತ್ತು. ಹೇಜಲ್‌ಗೆ ಅದು ಗೊತ್ತಾಗಲಿಲ್ಲ. ನೈಜೆಲ್‌ನ ಮನೆಮಾತು ಯಾಕೆ ಕನ್ನಡ, ಅಜ್ಜನ ತಂದೆಯ ಹೆಸರು ಯಾಕೆ ಬಾಯಿಗೆ ಬರಲಿಲ್ಲ, ಎಲ್ಲ ಒಟ್ಟಿಗೆ ಹೊಳೆಯಿತು. ಪಾಪ, ನೈಜೆಲ್‌ಗೆ ಇದು ಗೊತ್ತೇ ಇರಲಿಕ್ಕಿಲ್ಲ ಎಂದುಕೊಂಡಳು. ಆಮೇಲೆ ಡ್ಯಾಡಿಯ ಮುಖ ಕಣ್ಣ ಮುಂದೆ ಬಂತು.

ಬಚ್ಚಿಡಬಹುದಿತ್ತು. ಆದರೆ ಪುಟ ಅಚ್ಚಿಗೆ ಹೋಗಬೇಕಿತ್ತು, ಡ್ಯಾಡಿ ದಿನಾ ಕೇಳುತ್ತಿದ್ದರು. ಮೂರು ದಿನ ತಡೆದು ನಾಲ್ಕನೇ ದಿನ ಸಂಜೆ ಹೇಳಿದಳು.

ರೊನಾಲ್ಡ್ ಕೂಗಾಡಲಿಲ್ಲ. ಕೂಗಾಡಿದ್ದರೆ ಅವಳೂ ಎದುರು ಮಾತಾಡುತ್ತಿದ್ದಳು. ಅವರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಚಾರ್ಟಿನ ಮುಂದೆ ಹೋಗಿ ಬೆನ್ನು ಮಾಡಿ ನಿಂತರು.

“ಹುಡುಗ ಒಳ್ಳೆಯವನು,” ಎಂದರು.

“ಹೌದು ಡ್ಯಾಡಿ.”

“ನಾನು ಹುಡುಗನನ್ನು ಬೇಡ ಅನ್ನೋದಿಲ್ಲ. ಆದರೆ ಈಗ ಎಲ್ಲರ ಕೈಯಲ್ಲೂ ಫೋನ್ ಉಂಟು. ಚೀಟಿ ಓದಿದ ದಿನವೇ ನಾಲ್ಕು ಜನ ಹುಡುಕ್ತಾರೆ. ನಾನು ಕ್ಯಾಪ್ಟನ್ ಅಂತ ಊರಿಗೆಲ್ಲ ಹೇಳಿಕೊಂಡು ಬಂದಿದ್ದೇನೆ.” ಅವರು ಚಾರ್ಟಿನ ಅಂಚು ನೇರ ಮಾಡಿದರು. “ಅವನ ತಾಯಿಯ ಕಡೆ ಪಿಂಟೊ ಅಲ್ವಾ? ಆ ಹೆಸರು ಹಾಕಿಕೊಳ್ಳಲಿ. ಚೀಟಿಗೆ ಮೊದಲು ಬದಲಾಯಿಸಿದರೆ ಸಾಕು. ನಿನ್ನ ಕೆಲಸವೇ ಅದಲ್ವಾ ಬಾಯೆ?”

ಹೌದು, ಅವಳ ಕೆಲಸವೇ ಅದು. ಪಾಸ್‌ಪೋರ್ಟ್‌ನಲ್ಲೊಂದು ಹೆಸರು, ಸರ್ಟಿಫಿಕೇಟ್‌ನಲ್ಲೊಂದು ಹೆಸರು ಇದ್ದವರ ಕಾಗದ ಸರಿಮಾಡಿಸುವುದು. ಒಂಬತ್ತನೇ ಮಹಡಿಯಲ್ಲಿ ಕೂತು ದಿನಕ್ಕೆ ನಾಲ್ಕೈದು ಹೆಸರು ತಿದ್ದುತ್ತಿದ್ದಳು. ಅಫಿಡವಿಟ್, ಪತ್ರಿಕೆಯಲ್ಲಿ ಪ್ರಕಟಣೆ, ಗೆಜೆಟ್, ಎಂಬಸಿ, ಹೊಸ ಪಾಸ್‌ಪೋರ್ಟ್. ಎಷ್ಟೋ ಜನ ಹೆಸರು ಬದಲಾಯಿಸಿಕೊಂಡು ನಗುತ್ತ ಹೋದದ್ದನ್ನು ಅವಳು ಕಂಡಿದ್ದಳು. ಹಾಗಾಗಿ ಡ್ಯಾಡಿಯ ಮಾತು ಕೇಳಿದಾಗ ಅವಳಿಗೆ ದುಃಖವಾಗಲಿಲ್ಲ. ದೇವರೇ, ಇಷ್ಟೇನಾ ಎಂದು ಎದೆಯ ಭಾರ ಇಳಿಯಿತು.

ಎಲ್ಲ ಕೆಟ್ಟದ್ದು ಆ ಸಮಾಧಾನದಿಂದಲೇ.

ಎರಡು ದಿನ ಕೂತು ಪ್ರೀತಿಯಿಂದ ಫಾರ್ಮ್ ತುಂಬಿದಳು. ದುಂಡು ಅಕ್ಷರದಲ್ಲಿ ಹಳೆಯ ಹೆಸರು ಬರೆದಳು, ಅದರ ಕೆಳಗೆ ಹೊಸ ಹೆಸರು, ನೈಜೆಲ್ ಪಿಂಟೊ. ಸಹಿಯ ಜಾಗದಲ್ಲಿ ಪೆನ್ಸಿಲ್ಲಿನಿಂದ ಪುಟ್ಟ ಗುರುತು ಹಾಕಿದಳು. ನೈಜೆಲ್‌ಗೆ ಹೇಗೆ ಹೇಳುವುದೆಂದು ಕನ್ನಡಿಯ ಮುಂದೆ ಅಭ್ಯಾಸ ಮಾಡಿದಳು. ನೋವಾಗದ ಹಾಗೆ ಹೇಳಬೇಕು. ತನಗೆ ಇದೆಲ್ಲ ಲೆಕ್ಕಕ್ಕೇ ಇಲ್ಲ ಎಂದು ಅವನಿಗೆ ಗೊತ್ತಾಗಬೇಕು.

ಆ ಶುಕ್ರವಾರ ಡ್ಯಾಡಿ, ಮಮ್ಮಿ ಬೆಳಗಿನ ಪೂಜೆಗೇ ಹೋಗಿ ಬಂದಿದ್ದರು. ಇವರಿಬ್ಬರು ಹತ್ತರ ಪೂಜೆ ಮುಗಿಸಿ ಕಾರಿನಲ್ಲಿ ಕೂತರು. ಜುಮ್ಮಾದ ಹೊತ್ತು, ರಸ್ತೆ ಖಾಲಿ, ಅಂಗಡಿಗಳೆಲ್ಲ ಮುಚ್ಚಿದ್ದವು. ನೈಜೆಲ್ ಕಾರು ಚಾಲೂ ಮಾಡಿ ಎಸಿ ಅವಳ ಕಡೆ ತಿರುಗಿಸಿದ.

“ಇವತ್ತು ತೋಳ ಯಾಕೆ ಕುರಿಮರಿ ಹಾಗೆ ಕೂತಿದೆ?”

“ನೈಜೆಲ್, ಒಂದು ಹೇಳ್ತೇನೆ. ನೀನು ಬೇಜಾರು ಮಾಡಬಾರದು. ನಿನಗೆ ಗೊತ್ತಿಲ್ಲದ ವಿಷಯ.”

ಅಭ್ಯಾಸ ಮಾಡಿದಂತೆಯೇ ಹೇಳಿದಳು. ಕಾರ್ಮೆಲಾ, ತೊಟ್ಟಿಲು, ಹೆಸರು. ಅವನು ಸ್ಟಿಯರಿಂಗ್ ಮೇಲೆ ಎರಡೂ ಕೈಯಿಟ್ಟುಕೊಂಡು ಮುಂದೆ ನೋಡುತ್ತ ಕೇಳಿದ.

“ನನಗೆ ಇದು ಲೆಕ್ಕಕ್ಕೇ ಇಲ್ಲ,” ಎಂದಳು. “ಡ್ಯಾಡಿಗೂ ನಿನ್ನ ಮೇಲೆ ಏನೂ ಇಲ್ಲ. ಒಂದು ಚಿಕ್ಕ ವಿಷಯ ಅಷ್ಟೆ. ನೋಡು, ಎಲ್ಲ ನಾನೇ ತುಂಬಿದ್ದೇನೆ. ನೀನು ಸಹಿ ಹಾಕಿದರೆ ಮುಗೀತು, ಖಲಾಸ್.”

ಅವನು ಕಾಗದ ತೆಗೆದುಕೊಂಡು ನಿಧಾನವಾಗಿ ಓದಿದ. ಪೆನ್ಸಿಲ್ ಗುರುತಿನ ಮೇಲೆ ಹೆಬ್ಬೆರಳು ಇಟ್ಟ.

“ನನಗೆ ಎಂಟನೇ ವರ್ಷದಿಂದ ಗೊತ್ತುಂಟು ಹೇಜಲ್.”

“ಎಂತ?”

“ಇದೆಲ್ಲ. ನಮ್ಮ ಮನೆಯಲ್ಲಿ ಒಂದು ಕ್ರಮ. ಮಕ್ಕಳ ಫಸ್ಟ್ ಕಮ್ಯುನಿಯನ್ ದಿನ ಊಟ ಆದ ಮೇಲೆ ಆಬ್ ಒಬ್ಬೊಬ್ಬರನ್ನೇ ಜಗಲಿಗೆ ಕರೆದು ಹೇಳ್ತಿದ್ದರು. ಕಾನ್ವೆಂಟಿನ ಮೆಟ್ಟಿಲ ಮೇಲೆ ಮೀನಿನ ಬುಟ್ಟಿಯಲ್ಲಿ ಸಿಕ್ಕಿದ ಮಗು ನಾನು ಅಂತ. ಸಿಸ್ಟರ್‌ಗಳು ಕನ್ನಡದಲ್ಲಿ ಸಾಕಿದರು ಅಂತ. ಅಲ್ಲೊಬ್ಬ ಇಟಲಿಯ ಪಾದ್ರಿ, ಜ್ಞಾನಸ್ನಾನದ ಪುಸ್ತಕದಲ್ಲಿ ಅಪ್ಪನ ಹೆಸರು ಬರೆಯೋ ಜಾಗ ಖಾಲಿ ಬಿಡಲಿಕ್ಕೆ ಮನಸ್ಸು ಬಾರದೆ, ತನ್ನ ಊರಿನ ಇಂಥ ಮಕ್ಕಳ ಹೆಸರು ಬರೆದದ್ದು ಅಂತ. ನಾಚಿಕೆಯಿಂದ ಹೇಳ್ತಿರಲಿಲ್ಲ ಅವರು. ನಿನ್ನ ಡ್ಯಾಡಿ ಚಾರ್ಟ್ ತೋರಿಸ್ತಾರಲ್ಲ, ಹಾಗೇ ಹೇಳ್ತಿದ್ದರು.”

“ಮತ್ತೆ ನನಗೆ ಯಾಕೆ...”

“ಮೊದಲ ದಿನವೇ ಹೇಳಬೇಕಿತ್ತು. ಊಟದ ದಿನ ಬಾಯಿವರೆಗೆ ಬಂದಿತ್ತು. ನಿನ್ನ ಡ್ಯಾಡಿ ಅಷ್ಟು ಖುಷಿಯಲ್ಲಿದ್ದರು. ನೀನು ನಗ್ತಾ ಇದ್ದೆ. ನಿನ್ನ ನಗು ನಿಲ್ಲಿಸೋದು ನನ್ನಿಂದ ಆಗಲಿಲ್ಲ. ನಿನ್ನ ಮೇಲೆ ನನಗೆ ಅಷ್ಟು ಆಸೆ ಇತ್ತು ಮಾರಾಯ್ತಿ. ತಪ್ಪು ನನ್ನದೇ.”

ಹೇಜಲ್ ಅವನ ಕೈ ಹಿಡಿದಳು. “ಹಾಗಾದರೆ ಇನ್ನೂ ಸುಲಭ. ಇಬ್ಬರಿಗೂ ಗೊತ್ತು. ಹೆಸರು ಮಾತ್ರ...”

“ಆಬ್‌ನನ್ನು ಒಮ್ಮೆ ಹೊರಗೆ ಇಟ್ಟಾಗಿದೆ,” ಎಂದ ನೈಜೆಲ್. “ಇದಕ್ಕೆ ಸಹಿ ಹಾಕಿದರೆ ಎರಡನೇ ಸಲ ಇಡೋದು ನಾನು.”

ಹೇಜಲ್ ಕಾಗದ ಕಿತ್ತುಕೊಂಡು ಎರಡಾಗಿ, ನಾಲ್ಕಾಗಿ ಹರಿದಳು.

“ಹೋಯ್ತು. ಬೇಡ. ಮರೆತುಬಿಡು ನೈಜೆಲ್, ಪ್ಲೀಸ್.”

“ನಿನ್ನ ಡ್ಯಾಡಿ ಕೇಳಿದ್ದಕ್ಕೆ ನನಗೆ ಸಿಟ್ಟಿಲ್ಲ. ಹಳೇ ಜನ, ಅವರಿಗೆ ಚಾರ್ಟ್ ಉಂಟು.” ಅವನ ದನಿಯಲ್ಲಿ ಕೋಪ ಇರಲಿಲ್ಲ. ಇದ್ದಿದ್ದರೆ ಅವಳಿಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು. “ನೀನು ಚಿಕ್ಕ ವಿಷಯ ಅಂದೆಯಲ್ಲ. ನಿನ್ನ ಕೈಬರಹದಲ್ಲಿ ಅಷ್ಟು ಚಂದ ಮಾಡಿ ಬರೆದಿದ್ದೀಯಲ್ಲ. ನಮಗೊಂದು ಮಗು ಆಗಿ, ಅದಕ್ಕೆ ಎಂಟು ವರ್ಷ ಆಗಿ, ಫಸ್ಟ್ ಕಮ್ಯುನಿಯನ್ ದಿನ ನಾನು ಜಗಲಿಗೆ ಕರೆದು ಎಂತ ಹೇಳಲಿ? ನಿನ್ನ ಮುತ್ತಜ್ಜನ ಹೆಸರು ನಿನ್ನ ಮಮ್ಮಿ ಒಂದು ಫಾರ್ಮ್ ತುಂಬಿ ತೆಗೆದಳು ಅಂತ ಹೇಳಲಾ?”

“ನಾನು ಆ ಹೆಸರು ಇಟ್ಟುಕೊಳ್ತೇನೆ!” ಅವಳು ಅಳುತ್ತಿದ್ದಳು. “ಹೇಜಲ್ ಎಸ್ಪೊಸಿತೊ ಆಗ್ತೇನೆ. ಡ್ಯಾಡಿ ಮದುವೆಗೆ ಬರದಿದ್ದರೂ ಆಗ್ತೇನೆ. ನನಗೆ ನೀನು ಬೇಕು. ಬೇರೆ ಯಾರೂ ಬೇಡ ನನಗೆ.”

ಅವನು ತಿರುಗಿ ಅವಳ ಮುಖ ನೋಡಿದ. ಮೊದಲ ದಿನದಂತೆ ಕಣ್ಣು ಕಿರಿದಾಗಿರಲಿಲ್ಲ, ಪೂರ್ತಿ ತೆರೆದಿದ್ದವು. ಅಷ್ಟು ಆಸೆಯಿಂದ ಅವಳನ್ನು ಅದುವರೆಗೆ ಯಾರೂ ನೋಡಿರಲಿಲ್ಲ.

“ಡ್ಯಾಡಿಗೆ ಹೇಳ್ತೀಯಾ ಹಾಗೆ?”

“ಹೇಳ್ತೇನೆ.”

“ಈಗ? ಫೋನ್ ಮಾಡಿ?”

“ಈಗಲೇ.”

ಕಣ್ಣೊರೆಸಿಕೊಂಡು ಫೋನ್ ತೆಗೆದಳು. ಅವಳು ನಿಜಕ್ಕೂ ಹೇಳುವವಳೇ ಇದ್ದಳು. ಅದರಲ್ಲಿ ಸುಳ್ಳಿಲ್ಲ. ವಾಕ್ಯ ಕೂಡ ನಾಲಗೆಯ ತುದಿಯಲ್ಲಿ ಸಿದ್ಧವಿತ್ತು: ಡ್ಯಾಡಿ, ಹೆಸರು ಬದಲಾಗುವುದಿಲ್ಲ, ಚೀಟಿ ಹಾಗೇ ಓದಿಸಿ. ನಾಲ್ಕು ಸಲ ರಿಂಗ್ ಆಯಿತು. ನೈಜೆಲ್ ಎಸಿ ಸಣ್ಣದು ಮಾಡಿದ.

“ಹೇಳು ಬಾಯೆ,” ಎಂದರು ರೊನಾಲ್ಡ್. ದನಿ ಮೆತ್ತಗಿತ್ತು, ಸ್ವಲ್ಪ ಹೆದರಿದ ದನಿ. ಮೂರು ದಿನದಿಂದ ಅವರು ಸರಿಯಾಗಿ ಊಟ ಮಾಡಿರಲಿಲ್ಲ. ಹಿಂದೆ ಅಡಿಗೆಮನೆಯಲ್ಲಿ ಮಮ್ಮಿ ತಟ್ಟೆಗಳನ್ನು ಇಡುತ್ತಿದ್ದ ಸದ್ದು. “ನೈಜೆಲ್ ಹತ್ತಿರ ಮಾತಾಡಿದೆಯಾ? ಅವನು ಎಂತ ಹೇಳಿದ?”

ಹೇಜಲ್ ಬಾಯಿ ತೆರೆದಳು. ಕಾರಿನ ಗಾಜಿನಾಚೆ ಬಿಸಿಲು ಬಿಳಿಯಾಗಿ ನಿಂತಿತ್ತು.

“ಹಲೋ? ಬಾಯೆ?”

“ಡ್ಯಾಡಿ,” ಎಂದಳು. “ಊಟಕ್ಕೆ ಸ್ವಲ್ಪ ಲೇಟ್ ಆಗ್ತದೆ. ಕಾಯಬೇಡಿ.”

ಫೋನ್ ಮಡಿಲಿಗೆ ಬಿತ್ತು. ಪಕ್ಕಕ್ಕೆ ನೋಡುವ ಧೈರ್ಯವಾಗದೆ ಹರಿದ ಕಾಗದದ ಚೂರುಗಳನ್ನೇ ನೋಡುತ್ತ ಕೂತಳು. ಇನ್ನೊಮ್ಮೆ ಮಾಡು ಎಂದು ಅವನು ಹೇಳಿದ್ದರೆ ಮಾಡುತ್ತಿದ್ದಳೋ ಏನೋ. ಅವನು ಹೇಳಲಿಲ್ಲ. ಕೈ ಚಾಚಿ, ಒಮ್ಮೆ ಸುತ್ತಲೂ ನೋಡಿ, ತನ್ನ ಬೆರಳ ಹಿಂಬದಿಯಿಂದ ಅವಳ ಗಲ್ಲದ ನೀರನ್ನು ಒರೆಸಿದ. ಬಹಳ ಹೊತ್ತು, ಒಣಗುವವರೆಗೂ ಒರೆಸಿದ.

“ಲೇಟ್ ಯಾಕೆ ಆಗ್ತದೆ?” ಎಂದ ಮೆಲ್ಲಗೆ. “ರಸ್ತೆ ಖಾಲಿ ಉಂಟು. ಊಟದ ಹೊತ್ತಿಗೆ ಮುಟ್ಟಿಸ್ತೇನೆ.”

ದಾರಿಯುದ್ದಕ್ಕೂ ಎಲ್ಲ ಸಿಗ್ನಲ್‌ಗಳೂ ಹಸಿರಾಗಿದ್ದವು. ಒಂದಾದರೂ ಕೆಂಪಾಗಲಿ ಎಂದು ಹೇಜಲ್ ಮನಸ್ಸಿನಲ್ಲೇ ಬೇಡಿದಳು. ಆಗಲಿಲ್ಲ. ಅಲ್ ಸದ್ದ್‌ನಲ್ಲಿ ಕಟ್ಟಡದ ಮುಂದೆ ಅವಳು ಇಳಿದಾಗ ಹನ್ನೆರಡೂ ಹೊಡೆದಿರಲಿಲ್ಲ. ಮುಂದಿನ ಶುಕ್ರವಾರದ ಮಾತನ್ನು ನೈಜೆಲ್ ಎತ್ತಲಿಲ್ಲ. ಮೇಲೆ ಹೋದರೆ ಡ್ಯಾಡಿ ಊಟಕ್ಕೆ ಕೂರದೆ ಬಾಗಿಲಲ್ಲೇ ನಿಂತಿದ್ದರು.

“ಬಂದೆಯಾ? ಲೇಟ್ ಆಗ್ತದೆ ಅಂದೆಯಲ್ಲ,” ಎಂದರು.

“ಇಲ್ಲ ಡ್ಯಾಡಿ,” ಎಂದಳು ಹೇಜಲ್, ಚಪ್ಪಲಿ ಬಿಡುತ್ತ. “ಬೇಗ ಮುಗೀತು.”